ಬೀಗದ ಮನೆ

ಐವತ್ತರ ದಶಕದ ಮದ್ರಾಸಿನಲ್ಲಿ ಜನರ ಆದಾಯ-ಖರ್ಚಿನ ಸರ್ವೆಗೆ ಮನೆಮನೆ ಅಲೆಯುತ್ತಿದ್ದ ನಮಗೊಬ್ಬರು ಮೇಲ್ವಿಚಾರಕರಿದ್ದರು. ಕಂಕುಳಲ್ಲಿ ಕೊಡೆಯಿದ್ದರೂ ಬಿಸಿಲಿಗೆ ಬಿಚ್ಚುತ್ತಿರಲಿಲ್ಲ. ಎಲ್ಲ ಮನೆಗೂ ಹೋಗಲಾಗದೆ ಚೀಟಿ ಎತ್ತಿ ಕೆಲವನ್ನು ಆರಿಸುತ್ತಿದ್ದೆವು; ಚೀಟಿಯಲ್ಲಿ ಬಂದ ಮನೆಯವರನ್ನೇ ಕೇಳಬೇಕು, ಬದಲಿ ಮನೆ ಕೂಡದು ಎಂಬುದು ಅವರ ಕಟ್ಟಪ್ಪಣೆ.

ತ್ರಿಪ್ಲಿಕೇನಿನ ಒಂದು ಮನೆಗೆ ಯಾವಾಗ ಹೋದರೂ ಬೀಗ. ಪಕ್ಕದ ಮನೆಯಾಕೆ ಮಜ್ಜಿಗೆ ಕೊಟ್ಟು, "ನಮ್ಮನ್ನೇ ಕೇಳಿ ಬರ್ಕೊಳ್ಳಿ" ಎಂದರು. ನನಗೂ ಕಾಲು ಸೋತಿತ್ತು. "ಬರೆದುಬಿಡೋಣ ಸಾರ್" ಎಂದೆ.

"ಬಾಗಿಲು ತೆಗೆದವರನ್ನೇ ಕೇಳಿದರೆ, ದುಡಿಯೋಕೆ ಹೋದವರು ಲೆಕ್ಕಕ್ಕೇ ಸಿಗಲ್ಲ ಕಣಯ್ಯ" ಎಂದು ಮೇಲ್ವಿಚಾರಕರು ಎದ್ದರು. ಆಮೇಲೆ ಎಂದಿನ ಮಾತು: "ಇನ್ನೊಮ್ಮೆ ಬರೋಣ."

ಅವರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ನೋಡಲು ಹೋದೆ. ಮನೆಗೆ ಬೀಗ. ಪಕ್ಕದ ಮನೆಯವರು ಹೊರಬಂದು, "ನಿಮಗೆ ಗೊತ್ತಾಗ್ಲಿಲ್ವಾ? ಕೂತ್ಕೊಳ್ಳಿ, ಹೇಳ್ತೀನಿ" ಎಂದರು.

"ಬೇಡ, ಇನ್ನೊಮ್ಮೆ ಬರ್ತೀನಿ" ಎಂದು ಮೆಟ್ಟಿಲು ಇಳಿದೆ.