ನೇರಳೆ ಜ್ಯೂಸಿಗೆ ಪಥ್ಯ ಏನು?

ಕಳೆದ ವಾರ ಸಿಂಧಘಟ್ಟಕ್ಕೆ ಹೋದಾಗ ಪುಟ್ಟಾಚಾರಿಯ ನಾಲಿಗೆ ಕಡುನೇರಳೆ ಬಣ್ಣಕ್ಕೆ ತಿರುಗಿತ್ತು. ತುಟಿಯಲ್ಲಿ ಬೀಡಿ ಮಾತ್ರ ಎಂದಿನಂತೆ ಉರಿಯುತ್ತಿತ್ತು.

ಪುಟ್ಟಾಚಾರಿ ನನ್ನ ಸ್ಕೂಲ್‌ಮೇಟ್. ಮರಗೆಲಸದವನು. ಅವನು ಮಾಡಿಕೊಟ್ಟ ಬಾಗಿಲು ನಮ್ಮ ಕೆ.ಆರ್. ಪೇಟೆ ಮನೆಯಲ್ಲಿ ಇವತ್ತಿಗೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. (ಅವನ ಕೆಮ್ಮು ಮಾತ್ರ ಬೀದಿಗೆಲ್ಲ ಕೇಳಿಸುತ್ತದೆ.) ಯುಗಾದಿಯಿಂದ ಕೆಮ್ಮುತ್ತಿದ್ದಾನೆ. ಎಕ್ಸ್‌ರೇ ತೆಗೆಸು ಅಂದರೆ, ಇದು ಮರದ ಧೂಳಿನ ಕೆಮ್ಮು, ಬಿಡು ಅನ್ನುತ್ತಾನೆ.

ಅಷ್ಟರಲ್ಲಿ ಅವರ ಮನೆಯ ವಾಟ್ಸಾಪ್‌ಗೆ ಒಂದು ಮೆಸೇಜು ಬಂತು. ಬೆರ್ರಿ ಹಣ್ಣಿನ ಜ್ಯೂಸು ಕುಡಿದರೆ ಶ್ವಾಸಕೋಶದ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲವಂತೆ. ನಮ್ಮ ಕಡೆ ಬೆರ್ರಿ ಎಲ್ಲಿ ಸಿಗಬೇಕು? ಅವನ ಹೆಂಡತಿ ಸಾವಿತ್ರಿ ಶೀಳನೆರೆಯ ನೆಂಟರಿಗೆ ಹೇಳಿ ನೇರಳೆ ಹಣ್ಣು ತರಿಸಿದಳು. ಬಣ್ಣ ಒಂದೇ ತಾನೇ? ಆದರೂ ಮನಸ್ಸು ತಡೆಯದೆ ನನಗೆ ಫೋನ್ ಮಾಡಿ, ಇದು ನಿಜವೋ ಸುಳ್ಳೋ ಓದಿ ಹೇಳಣ್ಣ ಅಂದಳು. ಗಂಡನ ಕೆಮ್ಮು ಕೇಳಿ ಕೇಳಿ ಅವಳು ಹೆದರಿಹೋಗಿದ್ದಳು.

ಓದಿದೆ. ಅಂಥ ಪಾನೀಯಗಳಿಂದ ಅಪಾಯ ತಗ್ಗೀತೇ ಎಂದು ಸಂಶೋಧಕರು ಹುಡುಕುತ್ತಿರುವುದು ನಿಜ. ಹುಡುಕುತ್ತಿದ್ದಾರೆ, ಅಷ್ಟೆ. ಉತ್ತರ ಇನ್ನೂ ಸಿಕ್ಕಿಲ್ಲ. ಅವರ ಬೆರ್ರಿ ಬೇರೆ, ನಮ್ಮ ನೇರಳೆ ಬೇರೆ. ಜ್ಯೂಸು ಕುಡಿದುಕೊಂಡು ಬೀಡಿ ಸೇದಬಹುದು ಅಂತಂತೂ ಎಲ್ಲೂ ಬರೆದಿಲ್ಲ.

ಇದನ್ನೆಲ್ಲ ಅವನ ಮುಂದೆ ಕೂತು ಬಿಡಿಸಿ ಹೇಳಿದೆ. ಕೇಳಿಸಿಕೊಂಡ. ಕೊನೆಗೆ ಕೇಳಿದ್ದು ಒಂದೇ.

"ಪಥ್ಯ ಏನಾದ್ರೂ ಐತೇನ್ಲಾ?"

ನಮ್ಮ ಕಡೆ ಯಾವ ಔಷಧಿ ಕೊಟ್ಟರೂ ಮೊದಲ ಪ್ರಶ್ನೆ ಇದೇ. ಕಾಮಾಲೆಗೆ ಸೊಪ್ಪಿನ ರಸ ಕೊಡುವವರು ಬದನೆಕಾಯಿ ಬೇಡ, ಎಣ್ಣೆ ಬೇಡ ಅನ್ನಲೇಬೇಕು. ಅನ್ನದಿದ್ದರೆ ಅದು ಔಷಧಿಯೇ ಅಲ್ಲ. ನಾನೋ ಇದು ಬರೀ ಹಣ್ಣಿನ ರಸ ಎಂದು ಹೇಳುವ ಭರದಲ್ಲಿ, ಪಥ್ಯ ಗಿಥ್ಯ ಏನೂ ಇಲ್ಲ ಅಂದುಬಿಟ್ಟೆ. ಅವನಿಗೆ ಅಷ್ಟೇ ಸಾಕಾಗಿತ್ತು. ಪೇಪರ್‌ಗೆ ಬರೆಯೋನೇ ಹೇಳಿದ ನೋಡು ಅಂತ ಹೆಂಡತಿಯ ಕಡೆ ತಿರುಗಿ ಇನ್ನೊಂದು ಬೀಡಿ ಹಚ್ಚಿದ.

ಸಾವಿತ್ರಿ ಜ್ಯೂಸಿನ ಲೋಟ ಕೆಳಗಿಟ್ಟಳು.

"ಪಥ್ಯ ಐತೆ ಅಂದ್ಬುಡಣ್ಣ. ನನ್ ಮಾತಂತೂ ಕೇಳಾಕಿಲ್ಲ, ನಿಮ್ದಾದ್ರೂ ಕೇಳ್ಲಿ" ಅಂದಳು. ಗಂಡನ ಎದುರಿಗೇ.

ನನಗೆ ಪಿಚ್ಚೆನಿಸಿತು. ಮಾತು ತಿದ್ದಿಕೊಂಡೆ. ಪಥ್ಯ ಇದೆ ಕಣೋ, ಬೀಡಿ ಮುಟ್ಟಬಾರದು, ಎಕ್ಸ್‌ರೇನೂ ತೆಗೆಸಬೇಕು ಅಂದೆ. (ಇದರಲ್ಲಿ ಸುಳ್ಳೇನಿದೆ, ನೀವೇ ಹೇಳಿ?)

ಅವನು ಲೋಟ ನೋಡಿದ. ಬೀಡಿ ನೋಡಿದ.

"ಬೀಡಿನೇ ಬುಡೋದಾದ್ರೆ ಈ ಒಗರು ನೀರ್ ಯಾಕ್ಲಾ ಕುಡೀಲಿ?"

ನೂರಕ್ಕೆ ನೂರು ಸರಿಯಾದ ಮಾತು. ಎರಡರಲ್ಲಿ ಒಂದನ್ನು ಅವನು ಅವತ್ತೇ ಬಿಟ್ಟ.

ಜ್ಯೂಸನ್ನು.