ಚಾರ್ಟಿನಲ್ಲಿಲ್ಲದ ಅಜ್ಜಿ

ಶೋಭಾ ಮೈಕ್ ಹಿಡಿದ ಕೂಡಲೇ ಎಲ್ಲರೂ ಪೆನ್ನು ತೆಗೆದರು. ಆಕೆ ಅಳಲು ಶುರು ಮಾಡಿದಾಗ ಯಾರೋ ಟಿಶ್ಯೂ ಕೊಟ್ಟರು. ಬರೆಯುವುದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ.

ಕಳೆದ ವಾರ ವಿಜಯನಗರದಲ್ಲಿ ಒಂದು ಸಂಸ್ಥೆಯ ವರ್ಕ್‌ಶಾಪ್. ಸಮಾಜಕಾರ್ಯ ಮಾಡುವವರು 'ಸಿಸ್ಟಮ್ಸ್ ಥಿಂಕಿಂಗ್' ಕಲಿಯಬೇಕಂತೆ. ಅಂಕಣ ಬರೆಯುವವನು ಅಂತ ನನ್ನನ್ನೂ ಕರೆದಿದ್ದರು (ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು). ಯಾವ ಸಮಸ್ಯೆಗೂ ಒಂದೇ ಕಾರಣ ಇರುವುದಿಲ್ಲ, ಇಲ್ಲಿ ಎಳೆದರೆ ಇನ್ನೆಲ್ಲೋ ಕಿತ್ತು ಬರುತ್ತದೆ ಎಂದರು. ಒಳ್ಳೆಯ ಮಾತೇ. ತಕರಾರಿಲ್ಲ.

ಉದಾಹರಣೆಗೆಂದು ಅಲ್ಲಿಗೆ ಕರೆಸಿದ್ದ ಶೋಭಾ ಹೇರೋಹಳ್ಳಿಯ ಒಂದು ವಠಾರದಲ್ಲಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅವರ ಪುಟ್ಟ ಮಗನನ್ನು ಪಕ್ಕದ ಮನೆಯ ಗಂಗಮ್ಮಜ್ಜಿ ನೋಡಿಕೊಳ್ಳುತ್ತಿದ್ದರು. ಮಾಡಿದ ಸಾರಿನಲ್ಲಿ ಅಜ್ಜಿಗೂ ಒಂದು ಪಾಲು. ಎಂಟನೇ ಕ್ಲಾಸಿನ ಮಗಳು ಕಾವ್ಯಾ ನಿಶ್ಚಿಂತೆಯಾಗಿ ಶಾಲೆಗೆ ಹೋಗುತ್ತಿದ್ದಳು.

ಇದೇ ಸಂಸ್ಥೆ ಅಲ್ಲೊಂದು ಶಿಶುವಿಹಾರ ತೆರೆಯಿತು. ಮನೆ ಮನೆಗೆ ಬಂದು, ಅಜ್ಜಿಯ ಎದುರೇ, "ಟ್ರೈನಿಂಗ್ ಇಲ್ಲದವರ ಹತ್ತಿರ ಮಗು ಬಿಡಬೇಡಿ" ಎಂದರು. ವಠಾರದ ಅರ್ಧ ಮಕ್ಕಳನ್ನು ಎತ್ತಾಡಿಸಿದ ಮುದುಕಿಯ ಮುಂದೆ ಆಡುವ ಮಾತೇ ಇದು? ಶೋಭಾ ನಂಬಿ ಮಗುವನ್ನು ಸೇರಿಸಿದರು. ಆಮೇಲೆ ಪ್ರಾಜೆಕ್ಟ್ ಮುಗಿಯಿತು. ಶಿಶುವಿಹಾರಕ್ಕೆ ಬೀಗ ಬಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

"ಅಜ್ಜಿ ಕಾಲಿಗ್ ಬಿದ್ದೆ ಸಾರ್. 'ನಂಗೆಲ್ಲೈತಮ್ಮ ಟ್ರೈನಿಂಗು, ನಿಮ್ ಮೇಡಮ್ಮೋರ್ನೇ ಕರ್ಕೊಂಬಾ' ಅಂದ್ಬಿಟ್ರು. ಈಗ ಕಾವ್ಯಾನೇ ತಮ್ಮನ್ನ ನೋಡ್ಕೊಂಡ್ ಮನೇಲವ್ಳೆ. ಸ್ಕೂಲ್ನಲ್ಲಿ ಹೆಸ್ರು ತೆಗೀತೀವಿ ಅಂತಾವ್ರೆ."

ಶೋಭಾ ಮಾತಾಡುವ ಮೊದಲೇ ಬರೆದು ಗೋಡೆಗೆ ಅಂಟಿಸಿದ್ದ ಚಾರ್ಟ್ ನೋಡಿದೆ. ಕಾವ್ಯಾ ಶಾಲೆ ಬಿಟ್ಟಿದ್ದೇಕೆ ಎಂಬುದಕ್ಕೆ ಬಡತನ, ಬಸ್ಸು, ನೀರು, ತಂದೆಯ ಕುಡಿತ ಎಂದು ವೃತ್ತಗಳು, ಬಾಣಗಳು. (ಶೋಭಾರ ಗಂಡ ಕುಡಿಯುವುದೇ ಇಲ್ಲವಂತೆ. ಆದರೂ ಬರೆದಿದ್ದರು.) ಅಜ್ಜಿ ಎಲ್ಲೂ ಇಲ್ಲ. ಸಂಸ್ಥೆಯಂತೂ ಇಲ್ಲವೇ ಇಲ್ಲ!

ತರಬೇತಿ ಕೊಡುತ್ತಿದ್ದ ಮೇಡಂ ಖುಷಿಯಿಂದ ಹಸಿರು ಸ್ಕೆಚ್‌ಪೆನ್ನಿನಲ್ಲಿ ಅಜ್ಜಿಗೊಂದು ವೃತ್ತ ಎಳೆದರು. "ವೆರಿ ರಿಚ್ ಡೇಟಾ!" ಎಂದರು. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು.

"ಮೇಡಂ, ನಿಮ್ಮವರು ಯಾರಾದ್ರೂ ಹೋಗಿ ಅಜ್ಜಿ ಹತ್ರ ಕ್ಷಮೆ ಕೇಳ್ಬಹುದಲ್ವಾ?"

"ಅದು ಈ ಫೇಸ್‌ನಲ್ಲಿ ಬರಲ್ಲ ಸಾರ್, ಮುಂದಿನ ಹಂತದಲ್ಲಿ ನೋಡೋಣ."

ಒಂದು ಬಾಗಿಲು ತಟ್ಟಿ "ತಪ್ಪಾಯ್ತು ಅಜ್ಜಿ" ಅನ್ನುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ, ಕಾವ್ಯಾ ಇನ್ನೆಷ್ಟು ಫೇಸ್ ಮನೆಯಲ್ಲೇ ಕೂರಬೇಕು?