ಕಾಯಂ ಬಾಯಿಯನ್ನು ಕೇಳಲು ಹೋದದ್ದು

ಬಿ.ಇಡಿ. ಮುಗಿಸಿದ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ, ಮೊದಲ ನೌಕರಿ ಹೇಗೆ ಹುಡುಕಬೇಕು ಎಂದು. ಕೆಲಸ ಎಲ್ಲಿದೆ ಎಂದು ಕೇಳುತ್ತ ತಿರುಗಬೇಡಿ, ಯಾರೂ ಹೋಗಲು ಒಪ್ಪದ ಊರು ಯಾವುದು ಎಂದು ಕೇಳಿ ಎನ್ನುತ್ತೇನೆ. ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ನಾನೂ ಒಂದು ಬೇಸಿಗೆ ಪೂರ್ತಿ ಬೆಳಗಾವಿಯ ಖಾಸಗಿ ಶಾಲೆಗಳ ಮೆಟ್ಟಿಲು ಹತ್ತಿ ಇಳಿದವಳೇ. ಎಲ್ಲ ಕಡೆಯೂ ಒಂದು ಡೆಮೋ ಪಾಠ ಮಾಡಿಸುತ್ತಿದ್ದರು. ರಜೆಯ ದಿನಗಳು, ಮಕ್ಕಳಿರುತ್ತಿರಲಿಲ್ಲ. ಖಾಲಿ ಬೆಂಚುಗಳಿಗೆ ‘ಮಕ್ಕಳೇ, ಅರ್ಥವಾಯಿತೇ?’ ಎಂದು ಕೇಳಿ, ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರ ಮುಖ ನೋಡಬೇಕು. ‘ಫೋನ್ ಮಾಡ್ತೀವ್ರಿ’ ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ನನಗೆ ತಪ್ಪದೆ ಫೋನ್ ಮಾಡಿದ್ದು ರೀಚಾರ್ಜ್ ಮುಗಿಯಿತೆಂದು ಹೇಳುವ ಕಂಪನಿಯವರು ಮಾತ್ರ.

ಕೊನೆಗೆ ಕಣಕುಂಬಿಯ ಹತ್ತಿರದ ಕಾಡಿನ ಹಳ್ಳಿಯೊಂದರಲ್ಲಿ, ಸರಕಾರಿ ಮರಾಠಿ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಲು ಅತಿಥಿ ಶಿಕ್ಷಕಿ ಬೇಕೆಂದು ತಿಳಿಯಿತು. ಅತಿಥಿ ಎಂದರೆ ಕಾಯಂ ಶಿಕ್ಷಕರು ಬರುವವರೆಗೆ ಇರಬೇಕು, ಅವರು ಬಂದ ದಿನ ಚೀಲ ಕಟ್ಟಬೇಕು. ರವಿವಾರ ಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅಪ್ಪ, ‘ಆ ಊರಿಗೆ ಕಾಯಂದವ್ರು ಯಾರೂ ಬರೂದಿಲ್ಲವ್ವಾ, ನೀ ಆರಾಮ ಇರು’ ಎಂದು ಬಸ್ಸು ಹತ್ತಿಸಿದರು. ಮನೆಯಲ್ಲಿ ನನ್ನ ನಂತರದವರು, ಓದುತ್ತಿದ್ದವರು, ಇನ್ನಿಬ್ಬರಿದ್ದರು. ಆ ನೌಕರಿ ಉಳಿಯಲೇಬೇಕಿತ್ತು.

ನೀವು ಹೋಗುವ ಮುಂಚೆ ಒಬ್ಬರಿಗಷ್ಟೇ ಅಡುಗೆ ಮಾಡುವುದನ್ನು ಕಲಿತುಕೊಳ್ಳಿ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ನನಗೆ ಗೊತ್ತಿದ್ದದ್ದು ತುಂಬಿದ ಮನೆಯ ಅಡುಗೆ. ಎರಡು ರೊಟ್ಟಿಗಾಗಿ ಹಂಚು ಕಾಯಿಸಲು ಬೇಸರವಾಗಿ ಎಷ್ಟೋ ಸಂಜೆ ಚುರುಮುರಿ ತಿಂದು ಮಲಗಿದ್ದೇನೆ.

ತರಗತಿಯೊಳಗೆ ಕಷ್ಟವಾಗಲಿಲ್ಲ. ಮೊದಲ ದಿನ ಭಾಷಣ ಮಾಡಬೇಡಿ, ಹೆಸರು ಕೇಳಿ. ಮರುದಿನ ಹೆಸರು ಹಿಡಿದು ಕರೆದರೆ ಅರ್ಧ ಕೆಲಸ ಆದಂತೆ. ಕಿರುಚಿ ಗಂಟಲು ಹಾಳು ಮಾಡಿಕೊಳ್ಳಬೇಡಿ, ದನಿ ತಗ್ಗಿಸಿದರೆ ಮಕ್ಕಳು ತಾವೇ ಸುಮ್ಮನಾಗುತ್ತಾರೆ. ಕಷ್ಟ ಶುರುವಾಗುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ. ಮುಖ್ಯೋಪಾಧ್ಯಾಯರು ಬೈಕ್ ಹತ್ತಿ ಜಾಂಬೋಟಿಯ ತಮ್ಮ ಮನೆಗೆ ಹೋಗುತ್ತಿದ್ದರು. ನಾನು ಬಾಡಿಗೆಯ ಕೋಣೆಗೆ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದೆ. ಬೇಕಾದರೆ ಊರಿನವರ ಜೊತೆ ಮರಾಠಿ ಮಾತಾಡಬಹುದಿತ್ತು. ಆದರೆ ನನ್ನದು ಪೇಟೆಯ ಮರಾಠಿ, ದರ ಕೇಳಿ ಚೌಕಾಸಿ ಮಾಡುವಷ್ಟು. ಅದರಲ್ಲಿ ಬೇಸರವನ್ನು ಹೇಗೆ ಹೇಳಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಸಿಗುತ್ತಿದ್ದ ತಿರುವಿನಲ್ಲಿ ನಿಂತು ಅವ್ವನಿಗೆ ‘ಆರಾಮ ಅದೀನಿ’ ಎನ್ನುತ್ತಿದ್ದೆ. ಊರಿನವರು ಎದುರಾದರೆ ನಗುತ್ತಿದ್ದರು, ದಾರಿ ಬಿಡುತ್ತಿದ್ದರು. ಒಂದು ದಿನವೂ ಯಾರೂ ಒಳಗೆ ಬಾ, ಉಣ್ಣು ಎನ್ನಲಿಲ್ಲ. ನನಗೆ ಸಿಟ್ಟಿತ್ತು. ಇವರ ಮಕ್ಕಳಿಗೆ ಕನ್ನಡ ಬೇಕು, ಕನ್ನಡದವಳು ಬೇಡ ಎಂದುಕೊಳ್ಳುತ್ತಿದ್ದೆ.

ಗಣಪತಿ ಹಬ್ಬ ಮುಗಿದ ಮೇಲೆ ಶಾಲಾ ಸಮಿತಿಯ ಅಧ್ಯಕ್ಷೆ ನನ್ನ ಕೋಣೆಯ ಬಾಗಿಲಿಗೆ ಬಂದಳು. ಎದುರು ಮನೆಯವಳೇ. ಅವಳ ಇಬ್ಬರು ಮಕ್ಕಳು ನನ್ನ ತರಗತಿಯಲ್ಲಿದ್ದರು. ಅಲ್ಲಿ ಶಿಕ್ಷಕಿಯನ್ನು ಬಾಯಿ ಎಂದು ಕರೆಯುತ್ತಾರೆ. ಅವಳು ಮರಾಠಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

‘ಬಾಯೀ, ಖಾನಾಪುರದ ಆಫೀಸಿಗೆ ಹೋಗೂದದ. ನಮ್ಮ ಸಾಲಿಗೆ ಕನ್ನಡಕ್ಕ ಒಬ್ರು ಕಾಯಂ ಬಾಯಿ ಬೇಕಂತ ಕೇಳಬೇಕು. ಸಾಹೇಬ್ರು ವಿಜಯಪುರದ ಕಡೆಯವ್ರಂತ, ಅವರಿಗೆ ಮರಾಠಿ ಬರೂದಿಲ್ಲ. ನೀವು ಬಂದು ಹೇಳ್ರಿ.’

ನನ್ನನ್ನು ತೆಗೆದುಹಾಕಿ ಎಂದು ನಾನೇ ಹೋಗಿ ಹೇಳಬೇಕು! ‘ಆಗಲಿ’ ಎಂದೆ. ಸ್ವಾಭಿಮಾನ ಬೇರೇನನ್ನೂ ಹೇಳಲು ಬಿಡಲಿಲ್ಲ. ಮರುದಿನ ಬಸ್ಸಿನಲ್ಲಿ ಅವಳು ಪಕ್ಕದಲ್ಲಿ ಕುಳಿತು ಏನೇನೋ ಹೇಳುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಖಾನಾಪುರ ಮುಟ್ಟಿದೆ.

ಶಿಕ್ಷಣಾಧಿಕಾರಿ ಸಾಹೇಬರು ಒಳ್ಳೆಯವರು. ‘ಬರ್ರಿ, ಕುಂದರ್ರಿ’ ಎಂದರು. ನಾನು ನಿಂತೇ ಹೇಳಿದೆ. ಪ್ರತಿ ವರ್ಷ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ, ಅಲ್ಲಿಯವರೆಗೆ ಮಕ್ಕಳಿಗೆ ಕನ್ನಡವಿಲ್ಲ, ಒಬ್ಬರು ಕಾಯಂ ಬೇಕು ಎಂದೆ. ಅದೆಲ್ಲ ನಿಜವೇ ಆಗಿತ್ತು. ಚೆನ್ನಾಗಿಯೇ ಹೇಳಿದೆ, ಡೆಮೋ ಪಾಠಗಳಿಗಿಂತ ಚೆನ್ನಾಗಿ.

‘ನೀವು ಯಾರ್ರಿ?’ ಎಂದರು.

‘ಅಲ್ಲಿ ಅತಿಥಿ ಶಿಕ್ಷಕಿ ರೀ.’

ಅವರು ಕನ್ನಡಕ ತೆಗೆದರು. ‘ಕಾಯಂದವ್ರು ಬಂದ್ರ ನೀವು ಬಿಡಬೇಕಾಗ್ತದಲ್ಲರೀ ತಂಗಿ. ಇವರಿಗೆ ಗೊತ್ತೈತೇನು?’

ನಾನು ಅಧ್ಯಕ್ಷೆಯ ಕಡೆ ನೋಡಿದೆ. ಅವಳು ಸೆರಗಿನ ತುದಿ ಹಿಡಿದುಕೊಂಡು, ಸಾಹೇಬರು ಏನೆಂದರು ಎಂದು ಆಸೆಯಿಂದ ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ. ಇನ್ನೊಬ್ಬರು ಬಂದರೆ ನಾನೂ ಅವರೂ ಇಬ್ಬರೂ ಇರುತ್ತೇವೆ ಎಂದುಕೊಂಡಿದ್ದಳು. ಸಾಹೇಬರ ಆ ಮಾತೊಂದನ್ನು ಮರಾಠಿಗೆ ತಿರುಗಿಸಿದ್ದರೆ ಸಾಕಿತ್ತು, ಅವಳು ಬೇಡಿಕೆ ಹಿಂದಕ್ಕೆ ತೆಗೆದುಕೊಂಡರೂ ತೆಗೆದುಕೊಳ್ಳಬಹುದಿತ್ತು. ನನ್ನ ಹೊಟ್ಟೆಪಾಡು ನನ್ನ ನಾಲಿಗೆಯ ಮೇಲಿತ್ತು.

‘ಪ್ರಯತ್ನ ಮಾಡ್ತಾರಂತ’ ಎಂದೆ.

ಯಾಕೆ ಹಾಗೆಂದೆ ಎಂದು ಈ ಹುಡುಗಿಯರು ಕೇಳುತ್ತಾರೆ. ಆ ಮಕ್ಕಳಿಗೆ ಜೂನ್ ತಿಂಗಳಲ್ಲಿ ಬಾಯಿ ಬೇಕಿತ್ತು, ಅದಕ್ಕೆ. ದೊಡ್ಡ ಮಾತು ಅನ್ನಿಸಿದರೆ ಅನ್ನಿಸಲಿ.

ದೀಪಾವಳಿ ಕಳೆದ ಮೇಲೆ ಬೈಲಹೊಂಗಲದ ಕಡೆಯಿಂದ ಕಾಯಂ ಶಿಕ್ಷಕಿ ಬಂದೇ ಬಿಟ್ಟರು. ನಾನು ಪಾಠ ಎಲ್ಲಿಯವರೆಗೆ ಆಗಿದೆ ಎಂದು ತೋರಿಸಿ, ಚೀಲ ಕಟ್ಟಲು ಕೋಣೆಗೆ ಬಂದೆ. ಹಿಂದೆಯೇ ಅಧ್ಯಕ್ಷೆ ಓಡಿಬಂದಳು, ಮುಖ ತುಂಬ ನಗು.

‘ಬಾಯೀ, ಈಗ ನಿಮಗ ಜೋಡಿ ಸಿಕ್ತು! ದಿನಾ ಸಂಜೀಕ ನೀವು ಒಬ್ರ ಕುಂದರೂದು ನಮ್ಮ ಅಡಗಿಮನಿಯಿಂದ ಕಾಣತಿತ್ತು. ಕನ್ನಡ ಮಾತಾಡಾಕ ಒಬ್ರು ಬಂದ್ರ ನೀವು ಊರು ಬಿಟ್ಟು ಹೋಗೂದಿಲ್ಲಂತ ನಾನ ಹಟ ಹಿಡದೆ.’

ಖಾನಾಪುರದಲ್ಲಿ ಹೇಳದ ಮಾತನ್ನು ಆಗ ಹೇಳಬೇಕಾಯಿತು. ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅಷ್ಟು ಕಾಣುತ್ತಿದ್ದರೆ ಒಂದು ದಿನವಾದರೂ ಊಟಕ್ಕೆ ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ತಡೆಯಲಾಗಲಿಲ್ಲ.

‘ನಮ್ಮ ಒಲಿ ಮ್ಯಾಲ ಮೀನ ಬೇಯತಾವ. ನೀವು ಲಿಂಗಾಯತ್ರು. ಹ್ಯಾಂಗ ಕರೀಲಿ? ಊರಾಗ ಎಲ್ಲಾರೂ ಅಂಜತಿದ್ರು’ ಎಂದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹೊಸ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು. ಸಾರು ಸಪ್ಪಗಿತ್ತು. ಇಬ್ಬರೂ ಎದುರುಬದುರು ಕುಳಿತು ಉಂಡೆವು, ನಾನು ಎರಡು ಸಲ ಹಾಕಿಸಿಕೊಂಡೆ, ಮತ್ತು ಆ ಊರು ಬಿಡುವುದು ಬೇಡವೆಂದು ನನಗೆ ಮೊದಲ ಸಲ ಅನ್ನಿಸಿತು.